ಜರ್ಮನ್ ಜಾಝ್ ಕಲಾವಿದರೊಡನೆ ಕಛೇರಿ ಕಟ್ಟುವಾಗ ತಾಳದ ಲೆಕ್ಕವನ್ನು ಹೊಂದಿಸುವುದು ಹೇಗೆ?

ಪ್ರಶ್ನೆ: ಮೃದಂಗ ವಾದಕ, ಮೈಸೂರು

ಎಲ್ಲರಿಗೂ ನಮಸ್ಕಾರ. ಪಿಯಾನೊ, ಸ್ಯಾಕ್ಸೊಫೋನ್, ಡಬಲ್ ಬಾಸ್ ನುಡಿಸುವ ಮೂವರು ಜರ್ಮನ್ ಕಲಾವಿದರೊಡನೆ ಒಂದು ಗಂಟೆಯ ಕಛೇರಿಯನ್ನು ಸಿದ್ಧಪಡಿಸುತ್ತಿದ್ದೇನೆ. ಅವರ ಕೆಲಸವೆಲ್ಲ ಬರೆದ ಹಾಳೆಯಿಂದ ಶುರುವಾಗುತ್ತದೆ; ಗುರುಗಳ ಬಾಯಿಂದ ಕೇಳಿ ಕಲಿತ ನನಗೆ ಆ ಹಾಳೆ ಓದಲು ಬಾರದು. ನಾನು ಮುಕ್ತಾಯ (ಮೂರು ಸಲ ನುಡಿಸಿ ಮುಗಿಸುವ ಲೆಕ್ಕ) ನುಡಿಸಿದಾಗಲೆಲ್ಲ ಸಮ, ಅಂದರೆ ತಾಳದ ಮೊದಲ ಪೆಟ್ಟು, ಎಲ್ಲಿ ಬಿತ್ತೆಂದು ತಿಳಿಯದೆ ಅವರು ನಿಲ್ಲಿಸಿಬಿಡುತ್ತಾರೆ. ಇಷ್ಟವಾಗದ್ದನ್ನು ಅವರು ಮುಖಕ್ಕೇ ಹೇಳುತ್ತಾರೆ, ನಾನು ಸುಮ್ಮನಾಗುತ್ತೇನೆ, ಆ ಮೌನವನ್ನು ಅವರು ಒಪ್ಪಿಗೆಯೆಂದೇ ತಿಳಿಯುತ್ತಾರೆ. ಅನುಭವವಿರುವವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ಘಟ ವಾದಕ, ಬೆಂಗಳೂರು

ಮೊದಲ ಎರಡು ದಿನ ವಾದ್ಯಗಳನ್ನು ಪಕ್ಕಕ್ಕಿಟ್ಟು, ಕೈಯಲ್ಲಿ ಎಂಟು ಎಣಿಕೆಯ ಆದಿತಾಳ ಹಾಕಿಸಿ, ಬಾಯಲ್ಲಿ ಸೊಲ್ಕಟ್ಟು (ಪೆಟ್ಟುಗಳನ್ನು ಸೂಚಿಸುವ ಅಕ್ಷರಗಳು) ಹೇಳಿಸಿ. ಒಬ್ಬ ಬಾಸ್ ವಾದಕರಿಗೆ ನಾನು ಕಲಿಸಿದ್ದು ಹೀಗೆ: ‘ತದಿಗಿಣತೊಂ’ ಎರಡು ಸಲ ಹೇಳಿದರೆ ಅಕ್ಷರಕ್ಕೊಂದರಂತೆ 10 ಮಾತ್ರೆ, ಆ ಹತ್ತನ್ನು ಮೂರು ಸಲ ಹೇಳಿ, ನಡುವೆ ಎರಡು ಕಡೆ ಒಂದೊಂದು ಮಾತ್ರೆ ಬಿಟ್ಟರೆ 32 ಆಗಿ, ಎಣಿಕೆಗೆ ನಾಲ್ಕು ಮಾತ್ರೆಯ ಚತುರಶ್ರ ನಡೆಯಲ್ಲಿ ಆದಿತಾಳದ ಒಂದು ಆವರ್ತ (ಸುತ್ತು) ತುಂಬಿ, ಮುಂದಿನ ಪೆಟ್ಟು ಸಮದ ಮೇಲೆಯೇ ಬೀಳುತ್ತದೆ. ಕಿರುಬೆರಳಿನಿಂದ ಎಣಿಸುತ್ತ ಹತ್ತಾರು ಬಾರಿ ತಪ್ಪಿದ ಅವರು, ಸಂಜೆಯ ಹೊತ್ತಿಗೆ ಹಾಳೆಯ ಹಂಗಿಲ್ಲದೆ ಸಮಕ್ಕೆ ಬಂದು ಸೇರಿದಾಗ ಎದ್ದು ನನ್ನನ್ನು ಅಪ್ಪಿಕೊಂಡರು.

ಅವರ ಲೆಕ್ಕವನ್ನೂ ತಾವು ಕಲಿಯಲೇಬೇಕು. ಜಾಝ್‌ನಲ್ಲಿ ಬಹಳ ಬಳಕೆಯಲ್ಲಿರುವ 32 ಬಾರ್‌ಗಳ (ಹಾಳೆಯಲ್ಲಿ ಗೆರೆ ಎಳೆದು ಬೇರ್ಪಡಿಸಿದ ಎಣಿಕೆಯ ಗುಂಪುಗಳ) ಸುತ್ತಿನಲ್ಲಿ, ಬಾರ್‌ಗೆ ನಾಲ್ಕು ಎಣಿಕೆಯಂತೆ, 128 ಎಣಿಕೆಗಳಿರುತ್ತವೆ. ಅದು ಆದಿತಾಳದ 16 ಆವರ್ತಗಳಿಗೆ ಸಮ. ಎಂಟು ಬಾರ್‌ಗಳ ಒಂದು ಭಾಗ ಮುಗಿಯುವಲ್ಲಿ ತಮ್ಮ ಮುಕ್ತಾಯ ಬಂದು ಕೂತರೆ ಅವರಿಗೆ ದಾರಿ ತಪ್ಪುವುದಿಲ್ಲ.

ಉತ್ತರ: ಸಂಗೀತ ಶಿಕ್ಷಕಿ, ಬೆಂಗಳೂರು

ಇದಕ್ಕೆ ನಮ್ಮ ಊರಿನಲ್ಲಿಯೇ ಮೇಲ್ಪಂಕ್ತಿಯಿದೆ. ಮೃದಂಗ ವಿದ್ವಾಂಸರಾದ ಟಿ. ಎ. ಎಸ್. ಮಣಿ ಅವರು 1964ರಲ್ಲಿ ಕಟ್ಟಿದ ತಾಳವಾದ್ಯ ಶಾಲೆ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ತಂದಿತು. ಅದರಲ್ಲಿ ಆರ್. ಎ. ರಮಾಮಣಿ ಅವರ ಗಾಯನವಿದೆ. ಮರಿಯಾನೊ ಆ ಹೊತ್ತಿಗಾಗಲೇ ನಾಗಸ್ವರವನ್ನು ಅಭ್ಯಾಸ ಮಾಡಿದ್ದರು; ಹೆಸರಾದ ಮೇಲೂ ಇನ್ನೊಂದು ಪರಂಪರೆಯ ಎದುರು ವಿದ್ಯಾರ್ಥಿಯಾಗಿ ಕುಳಿತರೆಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ. ತಮ್ಮ ಮೌನದ ವಿಷಯಕ್ಕೆ ಬಂದರೆ, ಅಭ್ಯಾಸ ಮುಗಿದ ಕೂಡಲೇ ಪ್ರತಿಯೊಬ್ಬರೂ ಬದಲಾಗಬೇಕಾದ ಒಂದು ಅಂಶವನ್ನು ಹೇಳಲೇಬೇಕೆಂಬ ನಿಯಮ ಮಾಡಿಕೊಳ್ಳಿ. ಸರದಿ ಬಂದಾಗ ಹೇಳುವುದು ಎದುರು ಮಾತಾಗುವುದಿಲ್ಲ.

ಉತ್ತರ: ಪಿಯಾನೊ ಶಿಕ್ಷಕಿ, ಮಂಗಳೂರು

ರಾಗದ ವಿಷಯವನ್ನೂ ಮೊದಲೇ ಮಾತನಾಡಿಕೊಳ್ಳಿ. ಉದಾಹರಣೆಗೆ, ಮೋಹನ ರಾಗದಲ್ಲಿ ಮಧ್ಯಮ (ಮ), ನಿಷಾದ (ನಿ) ಸ್ವರಗಳಿಲ್ಲ. ಆದರೆ ಪಿಯಾನೊ ವಾದಕರ ಕೈ ರೂಢಿಯಿಂದ ಮ-ದ-ಸ, ಪ-ನಿ-ರಿ ಕಾರ್ಡ್‌ಗಳತ್ತ (ಒಟ್ಟಿಗೇ ನುಡಿಸುವ ಸ್ವರಗುಚ್ಛಗಳತ್ತ) ಹೊರಳುತ್ತದೆ, ರಾಗ ಅಲ್ಲಿಗೇ ಕದಡುತ್ತದೆ. ಆಲಾಪನೆಯ ಭಾಗದಲ್ಲಿ ಷಡ್ಜ, ಪಂಚಮಗಳನ್ನಷ್ಟೇ ಹಿಡಿದಿರುವಂತೆ ಕೇಳಿಕೊಳ್ಳಿ. ಕಾರ್ಡ್‌ಗಳು ಬೇಕಾದ ಭಾಗವನ್ನು ಬೇರೆಯೇ ಕಟ್ಟಿ, ಅದನ್ನು ಮೋಹನವೆಂದು ಕರೆಯಬೇಡಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. 32 ಬಾರ್‌ಗಳ ಹಾಳೆಯನ್ನು ಓದಲು ಕಲಿಸಿಕೊಡಬೇಕೆಂದು ಬಾಸ್ ವಾದಕರನ್ನು ಇಂದೇ ಕೇಳಿದೆ. ನಾಳೆ ಬೆಳಗ್ಗೆ ಒಂಬತ್ತಕ್ಕೆ ಬರಲು ಹೇಳಿದ್ದಾರೆ, ಮೃದಂಗವಿಲ್ಲದೆ.