ಸಹಾಯ ಬೇಕು: ಕಿಟಕಿ, ಬಾಗಿಲು, ಸೈಡಿಂಗ್ ಪದಗಳ ಅರ್ಥ

ಎಲ್ಲರಿಗೂ ನಮಸ್ಕಾರ. ಕಿಟಕಿ, ಬಾಗಿಲು ಮತ್ತು ಹೊರಗೋಡೆಯ ಹೊದಿಕೆ (ಸೈಡಿಂಗ್) ಬದಲಿಸಲು ಗುತ್ತಿಗೆದಾರರು ಅಂದಾಜು ಪಟ್ಟಿ ಕೊಟ್ಟಿದ್ದಾರೆ. ಜ್ಯಾಂಬ್ ಎಂದರೆ ಚೌಕಟ್ಟಿನ ನಿಲುವುಪಟ್ಟಿ, ಸ್ಯಾಶ್ ಎಂದರೆ ಗಾಜು ಹಿಡಿದಿರುವ ಕದ. ಯು-ವ್ಯಾಲ್ಯೂ, ಅಂದರೆ ಶಾಖ ದಾಟಿಹೋಗುವ ಪ್ರಮಾಣ, ಕಡಿಮೆಯಿದ್ದಷ್ಟೂ ಒಳ್ಳೆಯದು. ಇಷ್ಟು ತಿಳಿಯಿತು.

ನನ್ನ ಚಿಂತೆಯೆಲ್ಲ ಮಳೆನೀರನ್ನು ಹೊರಕ್ಕೆ ಹರಿಸುವ ಪಟ್ಟಿಯಾದ ಫ್ಲ್ಯಾಶಿಂಗ್‌ನದು. ಈಗಿರುವ ಕಿಟಕಿಯ ಕೆಳಮೂಲೆಯಲ್ಲಿ ಬಣ್ಣ ಗುಳ್ಳೆಯೆದ್ದಿದೆ. ಉಗುರಿನಿಂದ ಒತ್ತಿದರೆ ಮರ ನೆನೆದ ರಟ್ಟಿನಂತೆ ಕುಸಿಯುತ್ತದೆ. ಆದರೂ ಫ್ಲ್ಯಾಶಿಂಗ್‌ನ ಹೆಸರೇ ಅಂದಾಜಿನಲ್ಲಿಲ್ಲ! ಸೈಡಿಂಗ್ ಲೆಕ್ಕದಲ್ಲೇ ಅದು ಸೇರಿರುತ್ತದೆಯೇ, ಪ್ರತ್ಯೇಕವಾಗಿ ಬರೆಸಬೇಕೇ? ಹೊದಿಕೆ ಕೂರಿಸಿದ ಮೇಲೆ ಅದನ್ನು ಹಾಕಬೇಕೆಂದರೆ ಮತ್ತೆ ಎಲ್ಲವನ್ನೂ ಕೀಳಬೇಕಾಗುತ್ತದೆ. ಹಾಗೆಯೇ ಕಿಟಕಿಯ ಭಾಗಗಳಾದ ಮಲಿಯನ್‌ಗೂ ಮಂಟಿನ್‌ಗೂ ಇರುವ ವ್ಯತ್ಯಾಸವೇನು? ಈ ಕೆಲಸ ಬಲ್ಲವರು ದಯವಿಟ್ಟು ತಿಳಿಸಿ, ಸಹಿ ಹಾಕುವ ಮೊದಲು ನನಗೆ ಇದು ಗೊತ್ತಾಗಬೇಕು.