ಊರಿನ ಜಗಲಿಗೆ 43 ಇಂಚಿನ ಟಿವಿ: ಎಲ್‌ಜಿ ತೆಗೆದುಕೊಳ್ಳಲೋ, ಸ್ಯಾಮ್‌ಸಂಗ್ ತೆಗೆದುಕೊಳ್ಳಲೋ?

ತೋಟದಮನೆ ಹುಡುಗಿ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಮ್ಮ ಊರು. ನಾನು ಇರುವುದು ಬೆಂಗಳೂರಿನಲ್ಲಿ. ಊರಿನ ಮನೆಗೆ ಒಂದು ಟಿವಿ ಬೇಕು. ನೋಡುವವರು ಅಪ್ಪಯ್ಯ, ಅಮ್ಮ, ಅಜ್ಜಿ. ಹಳೆಯ 32 ಇಂಚಿನದು ಈ ಏಪ್ರಿಲ್‌ನಲ್ಲಿ ಸಿಡಿಲಿಗೆ ಸುಟ್ಟುಹೋಯಿತು. ಆಗಿನಿಂದ ಅಮ್ಮ ಧಾರಾವಾಹಿಯನ್ನು ಫೋನಿನಲ್ಲೇ ನೋಡುತ್ತಿದ್ದಾರೆ. ಅಜ್ಜಿಗೆ ಅಷ್ಟು ಚಿಕ್ಕ ಪರದೆ ಕಾಣುವುದಿಲ್ಲ. ಪಕ್ಕದಲ್ಲಿ ಕೂತು ಬರೀ ಮಾತು ಕೇಳಿಸಿಕೊಳ್ಳುತ್ತಾರೆ. ಹೋದ ಸಲ ಊರಿಗೆ ಹೋದಾಗ ಅದನ್ನು ನೋಡಿ ತುಂಬಾ ಬೇಜಾರಾಯಿತು.

ದಸರಾ, ದೀಪಾವಳಿ ಆಫರ್ ಹೊತ್ತಿಗೆ ತೆಗೆದುಕೊಳ್ಳೋಣ ಅಂತ ಕಾದಿದ್ದೆ. ಅಷ್ಟರಲ್ಲಿ 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿಯೂ ಶೇ. 28ರಿಂದ 18ಕ್ಕೆ ಇಳಿಯಿತು. ಎಲ್ಲ ಸೋಸಿ ಎರಡಕ್ಕೆ ಬಂದು ನಿಂತಿದ್ದೇನೆ. ಒಂದು ಎಲ್‌ಜಿಯ 43 ಇಂಚಿನ ಯುಎಚ್‌ಡಿ, ಇನ್ನೊಂದು ಸ್ಯಾಮ್‌ಸಂಗ್‌ನ 43 ಇಂಚಿನ ಕ್ರಿಸ್ಟಲ್. ಬೆಲೆಯಲ್ಲಿ ಸಾವಿರ ರೂಪಾಯಿಯ ವ್ಯತ್ಯಾಸವೂ ಇಲ್ಲ. ಎರಡೂ 4ಕೆ (ಫುಲ್ ಎಚ್‌ಡಿಗಿಂತ ಅಡ್ಡಕ್ಕೂ ಉದ್ದಕ್ಕೂ ಎರಡರಷ್ಟು ಚುಕ್ಕೆ), ಎರಡೂ 60 ಹರ್ಟ್ಸ್, ಎರಡಕ್ಕೂ 20 ವ್ಯಾಟ್ ಸ್ಪೀಕರ್, ಮೂರು ಎಚ್‌ಡಿಎಂಐ (ಡಿಶ್ ಬಾಕ್ಸಿನಂಥವನ್ನು ಜೋಡಿಸುವ ಕಿಂಡಿ). ಟಿವಿ ನಡೆಸುವ ಸಾಫ್ಟ್‌ವೇರ್ ಒಂದರಲ್ಲಿ ವೆಬ್‌ಓಎಸ್, ಇನ್ನೊಂದರಲ್ಲಿ ಟೈಜೆನ್. ನಮಗೆ ಬೇಕಾದ ಆ್ಯಪ್‌ಗಳು ಎರಡರಲ್ಲೂ ಇವೆ. ಪಟ್ಟಿ ಎಷ್ಟು ಸಲ ಓದಿದರೂ ಅವಳಿ ಮಕ್ಕಳ ಹಾಗೆ ಕಾಣುತ್ತಿವೆ.

ನಮ್ಮ ಮನೆಯಲ್ಲಿ ಟಿವಿ ಹೇಗೆ ನೋಡುತ್ತಾರೆ ಅಂತ ಹೇಳಿಬಿಡುತ್ತೇನೆ, ಅದೇ ಮುಖ್ಯ ಅಂತ ನನಗೆ ಅನ್ನಿಸುತ್ತಿದೆ. ಟಿವಿ ಇರುವುದು ಜಗಲಿಯಲ್ಲಿ. ಅಪ್ಪಯ್ಯನ ಕುರ್ಚಿ ನೇರ ಎದುರಿಗೆ, ಸುಮಾರು 9 ಅಡಿ ದೂರ. ಅಜ್ಜಿಯ ಮಂಚ ಎಡಗಡೆ ಗೋಡೆಗೆ. ಅಮ್ಮ ಅಡಿಗೆಮನೆ ಬಾಗಿಲಲ್ಲಿ ನಿಂತೇ ಅರ್ಧ ಧಾರಾವಾಹಿ ನೋಡುವವರು. ಇನ್ನು ಕೊಯ್ಲು ಶುರುವಾದರೆ ರಾತ್ರಿ ಅಡಿಕೆ ಸುಲಿಯುವವರು ಜಗಲಿಯ ಉದ್ದಕ್ಕೂ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಕೂರುತ್ತಾರೆ. ಹತ್ತು ಹನ್ನೆರಡು ಜನ. ಕೈ ಅಡಿಕೆಯಲ್ಲಿ, ಕಣ್ಣು ಟಿವಿಯಲ್ಲಿ. ಆಗ ಅಪ್ಪಯ್ಯ ಯೂಟ್ಯೂಬಿನಲ್ಲಿ ಯಕ್ಷಗಾನ ಹಾಕುತ್ತಾರೆ. ಹೋದ ವರ್ಷ ತುದಿಯಲ್ಲಿ ಕೂತವರಿಗೆ ವೇಷದ ಬಣ್ಣವೇ ಸರಿಯಾಗಿ ಕಾಣುತ್ತಿರಲಿಲ್ಲ.

ಮನೆಗೆ ಫೈಬರ್ ಇಂಟರ್ನೆಟ್ ಇದೆ, ಡಿಶ್ ಕೂಡ ಇದೆ. ಯಾವುದು ತೆಗೆದುಕೊಳ್ಳಲಿ? ದಯವಿಟ್ಟು ಬಳಸಿ ನೋಡಿದವರು ಹೇಳಿ.

ಶಿವಮೊಗ್ಗ ರಿಪೇರಿ ಅಂಗಡಿ

ನಮಸ್ಕಾರ ಮೇಡಂ. ಟಿವಿ ರಿಪೇರಿ ನನ್ನ ಕಸುಬು. ನೀವು ಕೂರುವ ಜಾಗ ಹೇಳಿದ್ದು ಒಳ್ಳೆಯದಾಯಿತು. ಉತ್ತರ ಅಲ್ಲೇ ಇದೆ.

ಪಟ್ಟಿಯಲ್ಲಿ ಬರೆಯದ ವ್ಯತ್ಯಾಸ ಅಂದರೆ ಪ್ಯಾನೆಲ್. ಎಲ್‌ಸಿಡಿ ಪರದೆಯಲ್ಲಿ ಮುಖ್ಯವಾಗಿ ಎರಡು ಬಗೆ, ಐಪಿಎಸ್ ಮತ್ತು ವಿಎ. ಐಪಿಎಸ್ ಅನ್ನು ಬದಿಯಿಂದ ನೋಡಿದರೂ ಬಣ್ಣ ಹೆಚ್ಚು ಕೆಡುವುದಿಲ್ಲ. ಆದರೆ ಕಪ್ಪು ಪೂರ್ತಿ ಕಪ್ಪಾಗಿ ಬರುವುದಿಲ್ಲ, ಕತ್ತಲ ಕೋಣೆಯಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ವಿಎ ಇದರ ಉಲ್ಟಾ. ಎದುರಿಗೆ ಕೂತರೆ ಕಪ್ಪು ತುಂಬಾ ಚೆನ್ನಾಗಿರುತ್ತದೆ. ಬದಿಗೆ ಸರಿದ ಹಾಗೆ ಬಣ್ಣ ಬಿಳಿಚಿಕೊಳ್ಳುತ್ತದೆ. ಲೆಕ್ಕದಲ್ಲಿ ಹೇಳುವುದಾದರೆ ಐಪಿಎಸ್‌ನ ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅಂತರ) ಸುಮಾರು 1000ಕ್ಕೆ 1, ವಿಎಯದು 3000ಕ್ಕಿಂತ ಜಾಸ್ತಿ.

43 ಇಂಚಿನಲ್ಲಿ ಎಲ್‌ಜಿಗೆ ಐಪಿಎಸ್ ಬಗೆಯದು ಜಾಸ್ತಿ, ಸ್ಯಾಮ್‌ಸಂಗ್‌ಗೆ ವಿಎ ಜಾಸ್ತಿ. ಆದರೆ ಕಂಪನಿಗಳು ಒಂದೇ ಮಾಡೆಲ್ ಹೆಸರಿನಲ್ಲಿ ಬೇರೆ ಬೇರೆ ಪ್ಯಾನೆಲ್ ಹಾಕುವುದೂ ಉಂಟು. ಅದಕ್ಕೇ ಹೆಸರು ನಂಬಬೇಡಿ, ಕಣ್ಣು ನಂಬಿ. ಒಂದು ಪೆನ್‌ಡ್ರೈವಿನಲ್ಲಿ ನಿಮ್ಮ ಫೋನಿನಲ್ಲೇ ತೆಗೆದ ವಿಡಿಯೊ ಹಾಕಿಕೊಂಡು ಹೋಗಿ. ಅಂಗಡಿಯಲ್ಲಿ ಟಿವಿ ಯಾವಾಗಲೂ ಡೆಮೊ ಮೋಡಿನಲ್ಲಿ, ಕಣ್ಣು ಕುಕ್ಕುವ ಹಾಗೆ ಇಟ್ಟಿರುತ್ತಾರೆ. ಎರಡನ್ನೂ ಸ್ಟ್ಯಾಂಡರ್ಡ್ ಮೋಡಿಗೆ ತರಿಸಿ. ಒಂದೇ ವಿಡಿಯೊ ಎರಡರಲ್ಲೂ ಹಾಕಿಸಿ. ಆಮೇಲೆ ಅಜ್ಜಿಯ ಮಂಚ ಎಷ್ಟು ಓರೆಗೆ ಇದೆಯೋ ಅಷ್ಟು ಓರೆಗೆ ಹೋಗಿ ನಿಂತು ನೋಡಿ. ಮನುಷ್ಯರ ಮುಖದ ಬಣ್ಣ ಗಮನಿಸಿ. ಬಿಳಿಚಿದರೆ ಅದು ವಿಎ.

ಇನ್ನೊಂದು ಮಾತು, ಇದು ಟಿವಿಗಿಂತ ಮುಖ್ಯ. ಸಿಡಿಲಿನ ವಿಷಯ. ನಮ್ಮ ಕಡೆ ಏಪ್ರಿಲ್, ಮೇ ಬಂದರೆ ಸುಟ್ಟ ಬೋರ್ಡುಗಳು ಸಾಲಾಗಿ ಅಂಗಡಿಗೆ ಬರುತ್ತವೆ. ಎಲ್ಲರೂ ಪ್ಲಗ್ ತೆಗೆದಿರುತ್ತಾರೆ, ಡಿಶ್ ಕೇಬಲ್ ಹಾಗೇ ಬಿಟ್ಟಿರುತ್ತಾರೆ. ಸಿಡಿಲು ಆ ಕೇಬಲಿನಿಂದ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ಟಿವಿಯ ಮದರ್‌ಬೋರ್ಡಿಗೆ ಬರುತ್ತದೆ. ರೂಟರಿನಿಂದ ಟಿವಿಗೆ ನೆಟ್ ವೈರ್ ಎಳೆದಿದ್ದರೆ ಅದೂ ಒಂದು ದಾರಿ. ಸಾಮಾನ್ಯವಾಗಿ ಸಿಡಿಲಿನ ಹಾನಿಗೆ ವಾರಂಟಿ ಕೊಡುವುದಿಲ್ಲ. ಸ್ಪೈಕ್ ಗಾರ್ಡ್ ಚಿಕ್ಕಪುಟ್ಟ ಏರುಪೇರಿಗೆ ಸರಿ, ಹತ್ತಿರ ಬಿದ್ದ ಸಿಡಿಲಿಗೆ ಅಲ್ಲ. ಮೋಡ ಕಟ್ಟಿದ ಕೂಡಲೇ ಪ್ಲಗ್, ಎಚ್‌ಡಿಎಂಐ ಎರಡೂ ಕೈಯಿಂದ ತೆಗೆದಿಡಬೇಕು. ಗುಡುಗು ಶುರುವಾದ ಮೇಲೆ ವೈರ್ ಮುಟ್ಟಲು ಹೋಗಬಾರದು. ಅಪ್ಪಯ್ಯನಿಗೆ ಇದನ್ನು ಖಂಡಿತ ಹೇಳಿ.

ಪಿಕ್ಸೆಲ್ ಲೆಕ್ಕ

ಪ್ಯಾನೆಲ್ ಬಗ್ಗೆ ಹೇಳಿದ್ದು ಸರಿ ಇದೆ. 4ಕೆ ಬಗ್ಗೆ ನಾನು ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ತುಂಬಾ ಜನ ಅದೊಂದಕ್ಕೇ ದುಡ್ಡು ಜಾಸ್ತಿ ಕೊಡುತ್ತಾರೆ.

43 ಇಂಚಿನ ಪರದೆಯ ಅಗಲ ಸುಮಾರು 95 ಸೆಂಟಿಮೀಟರ್. ಫುಲ್ ಎಚ್‌ಡಿಯಲ್ಲಿ ಅಡ್ಡಕ್ಕೆ 1920 ಚುಕ್ಕೆ. ಅಂದರೆ ಒಂದು ಚುಕ್ಕೆ ಅರ್ಧ ಮಿಲಿಮೀಟರ್. 9 ಅಡಿ ದೂರದಿಂದ ಒಳ್ಳೆಯ ಕಣ್ಣಿಗೆ ಬೇರೆ ಬೇರೆಯಾಗಿ ಕಾಣುವುದು ಸುಮಾರು 0.8 ಮಿಲಿಮೀಟರಿನ ಚುಕ್ಕೆ. ಅದಕ್ಕಿಂತ ಚಿಕ್ಕದು ಒಂದರೊಳಗೊಂದು ಸೇರಿಹೋಗುತ್ತದೆ. ಹಾಗಾಗಿ ನಿಮ್ಮ ಜಗಲಿಯಲ್ಲಿ 4ಕೆಗೂ ಫುಲ್ ಎಚ್‌ಡಿಗೂ ವ್ಯತ್ಯಾಸ ಕಾಣುವುದಿಲ್ಲ. ನೆಟ್‌ಫ್ಲಿಕ್ಸ್‌ನಂಥ ಕಡೆ 4ಕೆ ಹಾಕಿದರೆ ಗಂಟೆಗೆ 7 ಜಿಬಿವರೆಗೂ ಡೇಟಾ ಹೋಗುತ್ತದೆ, ಎಚ್‌ಡಿಗೆ 3 ಜಿಬಿವರೆಗೆ. ಸುಮ್ನೆ ಎಚ್‌ಡಿಯಲ್ಲೇ ನೋಡಿ.

ನಿಮಗೆ ನಿಜವಾಗಿ ಕಣ್ಣಿಗೆ ಹೊಡೆಯುವುದು ಡಿಶ್‌ನ ಎಸ್‌ಡಿ ಚಾನೆಲ್. ಅದರ ಚಿತ್ರ ಹೆಚ್ಚೆಂದರೆ 720 ಅಡ್ಡ 576 ಚುಕ್ಕೆ. ಹಳೆಯ 32 ಇಂಚಿನಲ್ಲಿ ಅದು ನಡೆದುಹೋಗುತ್ತಿತ್ತು. 43 ಇಂಚಿಗೆ ಹಿಗ್ಗಿಸಿದರೆ ಮುಖವೆಲ್ಲ ಮಸುಕು. ಹೊಸ ಟಿವಿ ಬಂದ ಮೇಲೆ "ಹಳೆಯದೇ ಚೆನ್ನಾಗಿತ್ತು" ಅಂತ ಮನೆಯವರು ಹೇಳುವುದು ಇದಕ್ಕೇ. ಅಮ್ಮ ನೋಡುವ ಎರಡು ಮೂರು ಚಾನೆಲ್‌ಗಳನ್ನಾದರೂ ಎಚ್‌ಡಿಗೆ ಬದಲಿಸಿ. ಬಾಕ್ಸ್ ಹಳೆಯ ಎಸ್‌ಡಿ ಬಾಕ್ಸ್ ಆಗಿದ್ದರೆ ಅದನ್ನೂ ಬದಲಿಸಬೇಕು.

ಎಚ್‌ಡಿಆರ್ (ಬೆಳಕು, ಕತ್ತಲು ಎರಡನ್ನೂ ಹೆಚ್ಚು ಎದ್ದು ಕಾಣಿಸುವ ಸೌಲಭ್ಯ) ವಿಷಯದಲ್ಲಿ, ಅದರ ಬಗೆಗಳ ಪೈಕಿ ಸ್ಯಾಮ್‌ಸಂಗ್ ಟಿವಿಗಳಲ್ಲಿ ಡಾಲ್ಬಿ ವಿಷನ್ ಇರುವುದಿಲ್ಲ, ಎಚ್‌ಡಿಆರ್10 ಪ್ಲಸ್ ಇರುತ್ತದೆ. ಆದರೆ ಈ ಬೆಲೆಯ ಟಿವಿಗಳಿಗೆ ಅದನ್ನು ತೋರಿಸುವಷ್ಟು ಬೆಳಕೇ ಇಲ್ಲ. ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ.

ಶಿರಸಿಯ ಅಕ್ಕ

ನಾನು ಹೋದ ವರ್ಷ ನಮ್ಮ ಅತ್ತೆಗೆ ಟಿವಿ ತೆಗೆದುಕೊಟ್ಟೆ. ಅವರಿಗೆ 74 ವರ್ಷ. ಚಿತ್ರ, ಬಣ್ಣ ಯಾವುದೂ ತೊಂದರೆ ಆಗಲಿಲ್ಲ. ತೊಂದರೆ ಆಗಿದ್ದು ರಿಮೋಟಿನಿಂದ.

ಟಿವಿ ಹಾಕಿದ ಕೂಡಲೇ ಹೋಮ್ ಪರದೆ ಬರುತ್ತದೆ, ಅದರಲ್ಲಿ ಇಪ್ಪತ್ತು ಚಿತ್ರ. ಅವರಿಗೆ ಬೇಕಾದದ್ದು ಒಂದೇ ಚಾನೆಲ್. ಎಲ್ಲಿ ಒತ್ತಬೇಕು ಅಂತ ಗೊತ್ತಾಗದೆ ಎರಡು ದಿನ ಟಿವಿಯನ್ನೇ ಹಾಕಲಿಲ್ಲ. ನನಗೂ ಹೇಳಲಿಲ್ಲ, ಬೇಜಾರು ಮಾಡಿಕೊಳ್ಳುತ್ತಾಳೆ ಅಂತ. ಆಮೇಲೆ ಸೆಟಿಂಗಿಗೆ ಹೋಗಿ ಹೋಮ್ ಪರದೆ ತಾನಾಗಿ ಬರುವುದನ್ನು ನಿಲ್ಲಿಸಿದೆವು. ಈಗ ಹಾಕಿದರೆ ನೇರ ಡಿಶ್ ಬರುತ್ತದೆ. ನೀವು ಹೇಳಿದ ಎರಡು ಕಂಪನಿಯಲ್ಲೂ ಹೀಗೆ ಮಾಡಬಹುದು.

ಜೊತೆಗೆ ಎಚ್‌ಡಿಎಂಐ ಸಿಇಸಿ ಅಂತ ಒಂದು ಇರುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಅದಕ್ಕೆ ಎನಿನೆಟ್ ಪ್ಲಸ್ ಅನ್ನುತ್ತಾರೆ, ಎಲ್‌ಜಿಯಲ್ಲಿ ಸಿಂಪ್‌ಲಿಂಕ್. ಡಿಶ್ ಬಾಕ್ಸಿನಲ್ಲೂ ಆ ಸೌಲಭ್ಯ ಇದ್ದರೆ ಅದನ್ನು ಆನ್ ಮಾಡಿ. ಒಂದು ಆನ್ ಆದರೆ ಇನ್ನೊಂದೂ ಆಗುತ್ತದೆ.

ಅಂಗಡಿಗೆ ಹೋದಾಗ ರಿಮೋಟ್ ಕೈಯಲ್ಲಿ ಹಿಡಿದು ನೋಡಿ. ಅಂಕಿ ಬಟನ್ ಇದೆಯಾ, ಸೌಂಡ್ ಬಟನ್ ಕತ್ತಲಲ್ಲಿ ಬೆರಳಿಗೆ ಸಿಗುತ್ತದಾ ಅಂತ. ಅಜ್ಜಿ ಕೈಗೂ ಒಮ್ಮೆ ಕೊಡಿಸಿದರೆ ಇನ್ನೂ ಒಳ್ಳೆಯದು ಅಲ್ವಾ?

ತೋಟದಮನೆ ಹುಡುಗಿ

ನಿಮ್ಮೆಲ್ಲರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಶಿವಮೊಗ್ಗಕ್ಕೆ ಹೋಗಿದ್ದೆ. ಅಪ್ಪಯ್ಯನೂ ಊರಿನಿಂದ ಬಸ್ಸಿನಲ್ಲಿ ಬಂದರು. ಅಜ್ಜಿಗೆ ಅಷ್ಟು ದೂರ ಆಗುವುದಿಲ್ಲ.

ಪೆನ್‌ಡ್ರೈವಿನಲ್ಲಿ ಎರಡು ವಿಡಿಯೊ ಇಟ್ಟಿದ್ದೆ. ಒಂದು ನಮ್ಮೂರ ಬಯಲಾಟದ್ದು, ರಾತ್ರಿ ಗ್ಯಾಸ್‌ಲೈಟಿನ ಹಾಗೆ ಹಳದಿ ಬೆಳಕಿನಲ್ಲಿ ತೆಗೆದದ್ದು. ಇನ್ನೊಂದು ಅಂಗಳದಲ್ಲಿ ಅಜ್ಜಿ ಅಡಿಕೆ ಹರಡುತ್ತಿರುವುದು. ಅಂಗಡಿಯ ಹುಡುಗ ಮೊದಲು ಸ್ವಲ್ಪ ಹಿಂದೆ ಮುಂದೆ ನೋಡಿದ. ಅಪ್ಪಯ್ಯ ವಿಷಯ ಹೇಳಿದ ಮೇಲೆ ಎರಡೂ ಟಿವಿಯನ್ನು ಸ್ಟ್ಯಾಂಡರ್ಡಿಗೆ ತಂದುಕೊಟ್ಟ.

ಎದುರಿಗೆ ನಿಂತಾಗ ಸ್ಯಾಮ್‌ಸಂಗ್ ಚೆನ್ನಾಗಿತ್ತು. ಇದನ್ನು ಹೇಳಲೇಬೇಕು. ಬಯಲಾಟದ ಹಿಂದಿನ ಕತ್ತಲು ನಿಜವಾದ ಕತ್ತಲಿನ ಹಾಗೇ ಇತ್ತು. ಕಿರೀಟ ಅದರಿಂದ ಎದ್ದು ಕಾಣುತ್ತಿತ್ತು. ಎಲ್‌ಜಿಯಲ್ಲಿ ಅದೇ ಕತ್ತಲು ಸ್ವಲ್ಪ ಹೊಗೆ ಹಿಡಿದ ಹಾಗೆ. ಅಪ್ಪಯ್ಯ ಅಲ್ಲೇ "ಇದೇ ಇರಲಿ" ಅಂದುಬಿಟ್ಟರು. ಆಮೇಲೆ ನಾನು ಅವರ ಕೈ ಹಿಡಿದು ಎಡಗಡೆಗೆ ಕರೆದುಕೊಂಡು ಹೋದೆ. ಅಜ್ಜಿಯ ಮಂಚದ ಓರೆಗೆ. ಸ್ಯಾಮ್‌ಸಂಗ್‌ನಲ್ಲಿ ವೇಷದ ಕೆಂಪು ತೊಳೆದ ಬಟ್ಟೆಯ ಹಾಗೆ ಆಯಿತು. ಅಜ್ಜಿಯ ಮುಖ ಬಿಳಿಚಿಕೊಂಡಿತು. ಎಲ್‌ಜಿಯಲ್ಲಿ ಕೆಂಪು ಕೆಂಪಾಗಿಯೇ ಇತ್ತು. ಅಪ್ಪಯ್ಯ ಏನೂ ಹೇಳಲಿಲ್ಲ. ಇನ್ನೂ ಎರಡು ಹೆಜ್ಜೆ ಬದಿಗೆ ಹೋಗಿ, ಸುಲಿಯುವವರ ಸಾಲಿನ ಕೊನೆ ಎಲ್ಲಿ ಬರುತ್ತದೋ ಅಲ್ಲಿ ನಿಂತು ನೋಡಿದರು. "ಎದುರಿಗೆ ಕೂರುವವ ನಾನೊಬ್ಬ. ಬದಿಗೆ ಕೂರುವವರು ಹನ್ನೆರಡು ಜನ" ಅಂದರು. ಎಲ್‌ಜಿ ಅಂತ ಅಲ್ಲಿಗೆ ತೀರ್ಮಾನ ಆಯಿತು.

ಜಗಲಿಯ ಮುಂದೆ ಮರದ ದಳಿ ಇದೆ, ಹಗಲು ಬೆಳಕು ಬರುತ್ತದೆ. ರಾತ್ರಿ ಸುಲಿಯುವಾಗಲೂ ಲೈಟ್ ಹಾಕಲೇಬೇಕು, ಇಲ್ಲದಿದ್ದರೆ ಕೈ ಕೊಯ್ದುಕೊಳ್ಳುತ್ತಾರೆ. ಪೂರ್ತಿ ಕತ್ತಲಲ್ಲಿ ನಮ್ಮ ಮನೆಯಲ್ಲಿ ಯಾರೂ ಟಿವಿ ನೋಡುವುದೇ ಇಲ್ಲ. ಹಾಗಾಗಿ ಆ ಬೂದಿ ಬಣ್ಣದ ಕಪ್ಪು ನಮಗೆ ಅಷ್ಟು ಕಾಡಲಿಕ್ಕಿಲ್ಲ.

ರಿಮೋಟ್ ವಿಷಯ ಹೇಳಿದ ಅಕ್ಕನಿಗೆ ವಿಶೇಷ ಧನ್ಯವಾದ. ನಾನು ನೋಡಿದ ಎಲ್‌ಜಿ ಮಾಡೆಲಿನ ರಿಮೋಟಿನಲ್ಲಿ ಅಂಕಿ ಬಟನ್ ಇದೆ. ನಿಮ್ಮ ಅತ್ತೆ ಎರಡು ದಿನ ಟಿವಿ ಹಾಕದೇ ಇದ್ದದ್ದನ್ನು ಓದಿ ನನಗೆ ಅಜ್ಜಿಯೇ ಕಣ್ಣ ಮುಂದೆ ಬಂದರು. ಮೊದಲ ಎರಡು ದಿನ ನಾನು ಅಲ್ಲೇ ಇದ್ದು ಎಲ್ಲ ಕೂರಿಸಿ ಬರುತ್ತೇನೆ.

ಬಿಲ್ ಮಾಡಿಸುವಾಗ ಇನ್ನೊಂದು ಲೆಕ್ಕವನ್ನೂ ಕೇಳಿದೆ. ಮೊದಲು ತೆರಿಗೆ ಸೇರಿ 32,000 ಇದ್ದ ಟಿವಿ, ತೆರಿಗೆ ಇಳಿದ ಮೇಲೆ 29,500 ಆಗಬೇಕು. ಕೆಲವು ಅಂಗಡಿಯಲ್ಲಿ ಆ ಇಳಿಕೆಯನ್ನೇ "ಹಬ್ಬದ ಆಫರ್" ಅಂತ ಬೋರ್ಡ್ ಹಾಕಿದ್ದರು. ತೆಗೆದುಕೊಳ್ಳುವವರು ಹಳೆಯ ಬೆಲೆ ನೋಡಿಕೊಂಡು ಹೋಗಿ.

ಈಗ ಕೊನೆಯ ಪ್ರಶ್ನೆ. ನಮ್ಮದು ಹಳೆಯ ಮಣ್ಣಿನ ಗೋಡೆ. ಗೋಡೆಗೆ ಹಾಕಿಸಬಹುದಾ?

ಶಿವಮೊಗ್ಗ ರಿಪೇರಿ ಅಂಗಡಿ

ಮಣ್ಣಿನ ಗೋಡೆಗೆ ಬೇಡ. ಸ್ಕ್ರೂ ಮೊದಲ ದಿನ ಗಟ್ಟಿ ಅನ್ನಿಸುತ್ತದೆ. ಮಳೆಗಾಲದಲ್ಲಿ ಗೋಡೆ ತೇವ ಕುಡಿದ ಮೇಲೆ ಸಡಿಲವಾಗುತ್ತದೆ. ಹಾಗೆ ಬಿದ್ದ ಟಿವಿ ನೋಡಿದ್ದೇನೆ, ಪ್ಯಾನೆಲ್ ಒಡೆದರೆ ರಿಪೇರಿಯ ಮಾತೇ ಇಲ್ಲ. ಮೇಜಿನ ಮೇಲೆ ಇಡಿ. ಆದರೆ ಮೇಜು ಅಳೆದು ನೋಡಿ. ಈಗಿನ ಟಿವಿಗಳಿಗೆ ಕಾಲು ನಡುವೆ ಇರುವುದಿಲ್ಲ, ಎರಡು ತುದಿಯಲ್ಲಿ ಇರುತ್ತದೆ. ತರುವಾಗ ಬಾಕ್ಸ್ ನಿಲ್ಲಿಸಿಯೇ ತನ್ನಿ, ಜೀಪಿನಲ್ಲಿ ಮಲಗಿಸಬೇಡಿ. ಕಂಪನಿಯವರು ಬರುವವರೆಗೂ ಬಾಕ್ಸ್ ಒಡೆಯಬೇಡಿ.

ತೋಟದಮನೆ ಹುಡುಗಿ

ಅಮ್ಮನಿಗೆ ಫೋನ್ ಮಾಡಿ ಈಗಲೇ ಅಳೆಸಿದೆ. ಮೇಜಿನ ಅಗಲ 75 ಸೆಂಟಿಮೀಟರ್, ಕಾಲುಗಳು ಹೊರಗೆ ಬರುತ್ತವೆ. ಅಟ್ಟದ ಮೇಲೆ ಒಂದು ಹಲಸಿನ ಹಲಗೆ ಇದೆಯಂತೆ, ನಾಲ್ಕು ಅಡಿ ಉದ್ದದ್ದು. ಆಚಾರಿ ನಾಳೆ ಬಂದು ಹದ ಮಾಡಿ ಮೇಜಿಗೆ ಬಿಗಿದು ಕೊಡುತ್ತಾರೆ. ಟಿವಿ ಗುರುವಾರ ಊರಿಗೆ ಹೋಗುತ್ತದೆ, ನಾನು ಬುಧವಾರ ರಾತ್ರಿ ಬಸ್ಸಿಗೆ ಹೊರಡುತ್ತೇನೆ.