‘ಪ್ರಾಣಿ ಮಾದರಿ’ ಅಂದರೆ ಓದುವವರಿಗೆ ಏನು ತಿಳಿಯುತ್ತದೆ?

ಗೆಳೆಯರೇ,

ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾಕ್ಕೆ ಪ್ರತಿಕಾಯಗಳನ್ನೇ ಮದ್ದಾಗಿ ಕೊಡುವ ಪ್ರಯೋಗಗಳ ಬಗ್ಗೆ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ‘ಪ್ರತಿಕಾಯ’ದ ಬಗ್ಗೆ ತಕರಾರಿಲ್ಲ. ಕೋವಿಡ್ ಕಾಲದಲ್ಲಿ ಪತ್ರಿಕೆ ಓದುವವರಿಗೆ ಅದು ರೂಢಿಯಾಯಿತು. ಸಿಕ್ಕಿಕೊಂಡಿರುವುದು ‘ಅನಿಮಲ್ ಮಾಡೆಲ್’ ಹತ್ತಿರ, ಅಂದರೆ ಮನುಷ್ಯರ ರೋಗವನ್ನು ಪ್ರಾಣಿಗಳಲ್ಲಿ ಬರಿಸಿ ಮದ್ದು ಪರೀಕ್ಷಿಸುವ ಏರ್ಪಾಡು. ಸಾಮಾನ್ಯವಾಗಿ ‘ಪ್ರಾಣಿ ಮಾದರಿ’ ಎಂದು ಬರೆದು ಮುಂದೆ ಹೋಗುತ್ತೇವೆ, ಅಲ್ವಾ?

‘ಮೊಲದ ಮಾದರಿಯಲ್ಲಿ ಪರೀಕ್ಷಿಸಲಾಯಿತು’ ಅಂದರೆ ಮೊಲದ ಹಾಗೆ ಏನೋ ಮಾಡಿದರು ಅನ್ನಿಸುತ್ತದೆ. ತಿರುಗಿಸಿ ‘ಮಾದರಿ ಇಲಿ’ ಅಂದರೆ ಮಾದರಿ ಶಾಲೆ, ಮಾದರಿ ರೈತರ ಸಾಲಿಗೆ ಸೇರುತ್ತದೆ, ಇಲಿಗೂ ಶಾಲು ಹೊದಿಸಬೇಕು! ಇವನ್ನು ಸಹಿಸಿಕೊಳ್ಳಬಹುದು. ಜಾಸ್ತಿ ತೊಂದರೆ ಕೊಡುವುದು ರಕ್ತದ ಮಾದರಿ, ಕಫದ ಮಾದರಿ ಅನ್ನುವಾಗಿನ ಅರ್ಥ. ಸೋಂಕಾದ ಮೇಲೆ ಇಲಿಯ ಶ್ವಾಸಕೋಶ ತೆಗೆದು ಅರೆದು, ಅದರಲ್ಲಿ ಬ್ಯಾಕ್ಟೀರಿಯಾ ಎಷ್ಟಿವೆ ಎಂದು ಎಣಿಸುತ್ತಾರೆ. ಆ ಇಲಿಯೂ ಮಾದರಿ, ಅರೆದ ಶ್ವಾಸಕೋಶವೂ ಮಾದರಿ. ಒಂದೇ ಪ್ಯಾರಾದಲ್ಲಿ ಎರಡೂ ಬಂದರೆ ಓದುವವರ ಗತಿ?

‘ಪ್ರಯೋಗಪಶು’ ಎಂದರೆ ಪ್ರಾಣಿಯ ಹೆಸರಷ್ಟೇ ಆಯಿತು. ಮಾಡೆಲ್ ಅನ್ನುವುದು ಬರೀ ಪ್ರಾಣಿಯಲ್ಲ. ಇಲಿಗೆ ಅರಿವಳಿಕೆ ಕೊಟ್ಟು, ನ್ಯುಮೋನಿಯಾ ತರುವ ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಇರುವ ಹನಿಯನ್ನು ಮೂಗಿಗೆ ಬಿಡುತ್ತಾರೆ. ಉಸಿರಿನ ಜೊತೆ ಅದು ಒಳಗಿಳಿಯುತ್ತದೆ. ಯಾವ ಪ್ರಾಣಿ, ಬ್ಯಾಕ್ಟೀರಿಯಾದ ಯಾವ ತಳಿ, ಎಷ್ಟು ಹಾಕಿದರು, ಪ್ರತಿಕಾಯ ಯಾವಾಗ ಕೊಟ್ಟರು, ಇಷ್ಟೂ ಸೇರಿದರೆ ಮಾಡೆಲ್. ಪ್ರಾಣಿ ಬದಲಾದರೆ ಫಲಿತಾಂಶವೂ ಬದಲಾಗಬಹುದು. ಈ ಬ್ಯಾಕ್ಟೀರಿಯಾದ ಕೆಲವು ತಳಿಗಳು ಪಿವಿಎಲ್ ಎಂಬ ವಿಷ ಬಿಡುತ್ತವೆ. ಮನುಷ್ಯರ ಮತ್ತು ಮೊಲದ ಬಿಳಿ ರಕ್ತಕಣಗಳನ್ನು ಅದು ಕೊಲ್ಲುತ್ತದೆ, ಇಲಿಯ ಕಣಗಳು ಅದಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. ಆ ವಿಷಕ್ಕೆ ಎದುರಾದ ಪ್ರತಿಕಾಯವನ್ನು ಇಲಿಯಲ್ಲಿ ನೋಡಿ ಏನು ಬಂತು? ಮೊಲವೇ ಬೇಕು.

‘ಅಣಕು ರೋಗ’ ಎಂದು ಯಾರಾದರೂ ಹೇಳಬಹುದು, ಅಣಕು ಸಂಸತ್ತಿನ ಹಾಗೆ. ನನಗೆ ಒಪ್ಪಿಗೆಯಿಲ್ಲ. ಮೊಲಕ್ಕೆ ಬರುವ ನ್ಯುಮೋನಿಯಾ ಅಣಕಲ್ಲ, ಮೊಲ ನಿಜವಾಗಿಯೂ ಸಾಯುತ್ತದೆ.

ಸದ್ಯಕ್ಕೆ ನಾಮಪದದ ಗೊಡವೆಯೇ ಬೇಡ ಎಂದು ‘ಮೊಲಗಳಿಗೆ ನ್ಯುಮೋನಿಯಾ ಬರಿಸಿ, ಪ್ರತಿಕಾಯ ಕೊಟ್ಟು ನೋಡಿದರು’ ಎಂದು ಬರೆದಿದ್ದೇನೆ. ವಾಕ್ಯದಲ್ಲಿ ಸರಾಗವಾಗಿ ಕೂರುತ್ತದೆ. ಆದರೆ ಪಟ್ಟಿಯ ತಲೆಬರಹಕ್ಕೆ ಒಂದು ಪದ ಬೇಕೇ ಬೇಕು. ‘ಬರಿಸಿದ ಸೋಂಕು’ ನಡೆದೀತೇ?

‘ಚಿಕಿತ್ಸೆ’ಯದ್ದೂ ಒಂದು ಕೇಳಬೇಕು. ಇಲಿಗಳಿಗೆ ಎಷ್ಟೋ ಸಲ ಸೋಂಕು ಹಾಕುವ ಮೊದಲೇ ಪ್ರತಿಕಾಯ ಕೊಟ್ಟಿರುತ್ತಾರೆ. ಸುವ್ರಾಟಾಕ್ಸುಮ್ಯಾಬ್ ಎಂಬ ಪ್ರತಿಕಾಯವನ್ನು ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದವರಿಗೆ ಕೊಟ್ಟದ್ದೂ ನ್ಯುಮೋನಿಯಾ ಬರುವ ಮೊದಲೇ. 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮದ್ದು ಪಡೆದವರಲ್ಲಿ ಶೇ. 18, ಪಡೆಯದವರಲ್ಲಿ ಶೇ. 26 ಮಂದಿಗೆ ಸ್ಟೆಫಿಲೊಕಾಕಸ್ ಆರಿಯಸ್‌ನ ನ್ಯುಮೋನಿಯಾ ಬಂತು. ಮದ್ದಿನಿಂದಲೇ ಕಡಿಮೆಯಾಯಿತು ಎಂದು ಖಚಿತವಾಗಿ ಹೇಳಲು ಆ ಅಂತರ ಸಾಲಲಿಲ್ಲ. ಇದನ್ನು ‘ಚಿಕಿತ್ಸೆ’ ಅನ್ನುವುದು ತಪ್ಪು. ‘ತಡೆಮದ್ದು’ ಅಂದರೆ ಲಸಿಕೆ ಎಂದು ತಿಳಿದುಕೊಳ್ಳುತ್ತಾರೇನೋ?

ಸುಮ್ನೆ ಇನ್ನೊಂದು. ಪ್ರಯೋಗಾಲಯದಲ್ಲಿ ಚಿಕ್ಕ ಇಲಿಯೇ (ಮೌಸ್) ಬೇರೆ, ದೊಡ್ಡದೇ (ರ‍್ಯಾಟ್) ಬೇರೆ. ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾವನ್ನು ಅಗರ್ ಎಂಬ ಜೆಲ್ಲಿಯ ಪುಟ್ಟ ಮಣಿಗಳಲ್ಲಿ ಹುದುಗಿಸಿ ಶ್ವಾಸಕೋಶಕ್ಕೆ ಬಿಡುವ ಪ್ರಯೋಗ ಮೊದಲು ನಡೆದದ್ದು ದೊಡ್ಡದರಲ್ಲಿ. ಅದಕ್ಕೆ ‘ಹೆಗ್ಗಣ’ ಅನ್ನಲು ಮನಸ್ಸು ಬರುವುದಿಲ್ಲ, ಹೆಗ್ಗಣವೇ ಬೇರೆ ಪ್ರಾಣಿ. ಚಿಕ್ಕದಕ್ಕೆ ‘ಚಿಟ್ಟಿಲಿ’ ಎಂಬ ಮಾತು ನಿಮ್ಮ ಕಡೆ ಬಳಕೆಯಲ್ಲಿದೆಯೇ?